ಕಾಶಿ ಪ್ರಯಾಣ: ಸೀಟು ಖಾಲಿ ಇದ್ದರೆ ವಿಮಾನ ರದ್ದಾಗುತ್ತಾ?

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಒಂದೇ ಮಾತು. ನಮ್ಮ ವಿಮಾನದಲ್ಲಿ ಸೀಟು ಜಾಸ್ತಿ ಖಾಲಿ ಕಾಣ್ತಿದೆ, ಕೊನೇ ಗಳಿಗೆಯಲ್ಲಿ ರದ್ದು ಮಾಡಿಬಿಡ್ತಾರಾ ಅಂತ. ದಯವಿಟ್ಟು ಸುಮ್ನೆ ಗಾಬರಿಯಾಗಬೇಡಿ.

ಚಿಕ್ಕಬಳ್ಳಾಪುರದಲ್ಲಿ ಜನ ತುಂಬಲಿ ಅಂತ ಖಾಸಗಿ ಬಸ್ಸು ಕಾಯುತ್ತದೆ ಅಲ್ವಾ, ವಿಮಾನ ಹಾಗಲ್ಲ. ದೇವನಹಳ್ಳಿಯಿಂದ ಹೋದ ವಿಮಾನವೇ ವಾರಾಣಸಿಯಲ್ಲಿ ಕಾಯುವವರನ್ನೂ ಹತ್ತಿಸಿಕೊಂಡು ಹೊರಡಬೇಕು. ಪೈಲಟ್, ಸಿಬ್ಬಂದಿಯ ಡ್ಯೂಟಿಯೂ ಅದಕ್ಕೇ ಹೊಂದಿಕೊಂಡಿರುತ್ತದೆ. ಒಂದು ನಿಂತರೆ ಇಡೀ ದಿನದ ಲೆಕ್ಕ ಹಾಳು. ಹೋದ ವರ್ಷ ನಾನು ಬಂದ ರಾತ್ರಿ ವಿಮಾನದಲ್ಲಿ ನನ್ನ ಸಾಲಿನ ಆರು ಸೀಟಿಗೆ ನಾನೊಬ್ಬಳೇ. ಹಿಂದಿನ ಸಾಲಿನ ಅಜ್ಜಿ ಮೂರು ಸೀಟಿನ ಮೇಲೆ ಸೆರಗು ಹೊದ್ದು ಮಲಗಿಬಿಟ್ಟಿದ್ದರು. ಆದರೂ ಸಮಯಕ್ಕೆ ಸರಿಯಾಗಿ ಹೊರಟಿತ್ತು.

ಒಂದೇ ದಾರಿಯಲ್ಲಿ ದಿನಕ್ಕೆ ಮೂರು ನಾಲ್ಕು ವಿಮಾನ ಇದ್ದಾಗ, ಬುಕಿಂಗ್ ಕಮ್ಮಿಯಾದರೆ ಎರಡನ್ನು ಸೇರಿಸುವುದುಂಟು. ಹೆಚ್ಚಾಗಿ ಮುಂಚೆಯೇ ಹೇಳುತ್ತಾರೆ. ಆಗ ಬೇರೆ ವಿಮಾನ ಅಥವಾ ಹಣ ವಾಪಸ್ ಕೇಳುವ ಹಕ್ಕು ನಮಗಿದೆ. ಹೇಳದೆ ರದ್ದು ಮಾಡಿದರೆ, ಎರಡು ಗಂಟೆಗಿಂತ ಜಾಸ್ತಿ ಹಾರುವ ವಿಮಾನಕ್ಕೆ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಿಯಮದಲ್ಲಿ ಪರಿಹಾರವೂ ಇದೆ: 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಮ್ಮಿಯೋ ಅದು. ಮಂಜು, ಬಿರುಗಾಳಿಯಿಂದ ನಿಂತರೆ ಪರಿಹಾರ ಸಿಗುವುದಿಲ್ಲ.

ನನ್ನ ಚಿಂತೆ ಬೇರೆ. ಎಷ್ಟೋ ಟಿಕೆಟ್‌ಗಳಲ್ಲಿ ಏಜೆಂಟರ ಫೋನ್ ನಂಬರೇ ಇರುತ್ತದೆ. ಬದಲಾವಣೆಯ ಮೆಸೇಜ್ ನಮಗೆ ಬರುವುದೇ ಇಲ್ಲ. ನಮ್ಮ ನಂಬರ್ ಕೊಡದಿದ್ದರೆ ಪರಿಹಾರವೂ ಇಲ್ಲ. ಇವತ್ತೇ ನಿಮ್ಮ ಟಿಕೆಟ್ ತೆಗೆದು ನೋಡಿ. ಬೇರೆ ನಂಬರ್ ಇದ್ದರೆ ನನಗೆ ಫೋನ್ ಮಾಡಿ, ಸರಿ ಮಾಡಿಸೋಣ.