ಹವ್ಯಾಸಕ್ಕೆ ಹೊತ್ತು ಕೊಡುವ ಮನೆ

ಹೊರದೇಶದಲ್ಲಿರುವ ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಗೆ ಬಂದ ಬರಹಗಳನ್ನೂ ಚಿತ್ರಗಳನ್ನೂ ಒಂದೆಡೆ ಹರಡಿಕೊಂಡು ನೋಡಿದಾಗ, ಅವುಗಳಲ್ಲಿ ಬಹುಪಾಲು ನಮ್ಮ ಮಕ್ಕಳ ಸಾಧನೆಗೆ ಸಂಬಂಧಿಸಿದವು ಎಂಬುದು ಎದ್ದು ಕಂಡಿತು. ಭರತನಾಟ್ಯದ ರಂಗಪ್ರವೇಶ, ಸಂಗೀತದ ಪರೀಕ್ಷೆ, ಚಿತ್ರಕಲಾ ಸ್ಪರ್ಧೆಯ ಬಹುಮಾನ, ಕನ್ನಡ ಶಾಲೆಯ ನಾಟಕ, ಇವೆಲ್ಲವೂ ಸಂತೋಷದ ಸಂಗತಿಗಳೇ. ಎಂದಿನಂತೆ ಒಳಪುಟಗಳಲ್ಲಿ ಅವುಗಳಿಗೆ ಜಾಗ ಕೊಟ್ಟಿದ್ದೇವೆ. ಆದರೆ ಆ ಮಕ್ಕಳನ್ನು ಶನಿವಾರ ಭಾನುವಾರಗಳಂದು ಒಂದು ತರಗತಿಯಿಂದ ಇನ್ನೊಂದಕ್ಕೆ ಕರೆದೊಯ್ದು, ತರಗತಿ ಮುಗಿಯುವವರೆಗೆ ಹೊರಗೆ ಕಾರಿನಲ್ಲಿ ಕಾಯುವ ತಂದೆ ತಾಯಂದಿರು ತಮ್ಮ ಕೈಯಾರೆ ಏನು ಮಾಡುತ್ತಿದ್ದಾರೆ ಎಂಬುದರ ಸುಳಿವು ಒಂದು ಪುಟದಲ್ಲಿಯೂ ಸಿಗಲಿಲ್ಲ. ಇವರಲ್ಲಿ ಊರಿನಲ್ಲಿದ್ದಾಗ ಕಥೆ ಬರೆಯುತ್ತಿದ್ದವರಿದ್ದಾರೆ, ಹಾರ್ಮೋನಿಯಂ ನುಡಿಸುತ್ತಿದ್ದವರಿದ್ದಾರೆ, ಮದುವೆ ಮನೆಗಳಿಗೆ ಮಂಟಪ ಕಟ್ಟಿಕೊಡುತ್ತಿದ್ದವರಿದ್ದಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ, “ಈಗ ಹೊತ್ತೆಲ್ಲಿದೆ?”

ಈ ಉತ್ತರವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ, ಆಳುಕಾಳಿನ ನೆರವಾಗಲೀ ಅಜ್ಜಿ ಅಜ್ಜಂದಿರ ಆಸರೆಯಾಗಲೀ ಇಲ್ಲದ ಊರಿನಲ್ಲಿ ಹೊತ್ತು ನಿಜಕ್ಕೂ ಸಾಲದು. ಆದರೆ ನಾನು ಬೆಳೆದ ಕೊಡಗಿನ ಮನೆಯನ್ನು ನೆನೆದಾಗ, ಅಲ್ಲಿಯೂ ಹೊತ್ತು ಯಾರಿಗೂ ಮಿಗುತ್ತಿರಲಿಲ್ಲ ಎಂಬುದು ನೆನಪಾಗುತ್ತದೆ. ಅಲ್ಲಿ ಹವ್ಯಾಸಕ್ಕೆ ಹೊತ್ತು ಸಿಗುತ್ತಿದ್ದುದು ಕೆಲಸ ಮುಗಿದದ್ದರಿಂದಲ್ಲ, ಮನೆಯವರು ಅದಕ್ಕೆಂದು ಹೊತ್ತನ್ನು ಬಿಟ್ಟುಕೊಡುತ್ತಿದ್ದುದರಿಂದ. ಈ ಸಲದ ಸಂಪಾದಕೀಯ ಆ ಬಿಟ್ಟುಕೊಡುವಿಕೆಯ ಕುರಿತದ್ದು.

ಚೇರಂಬಾಣೆಯ ಕಡೆಯ ನಮ್ಮದು ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ ಮಾತಾಡುವ ಮನೆ. ಸ್ವಲ್ಪ ಕಾಫಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಒಂದಿಷ್ಟು ಗದ್ದೆ. ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗತೊಡಗಿದರೆ, ತಡವಾಗಿ ಹಣ್ಣಾಗುವ ರೋಬಸ್ಟಾ ಕಾಫಿಯನ್ನೂ ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟುವವರೆಗೆ ಉಸಿರಾಡಲು ಬಿಡುವಿಲ್ಲ. ಅದರ ಹಿಂದೆಯೇ ಮೆಣಸಿನ ಕೊಯ್ಲು, ಮಾರ್ಚ್ ಏಪ್ರಿಲಿನಲ್ಲಿ ಕಾಫಿ ಹೂವರಳಲು ಬೇಕಾದ ಹೂಮಳೆಯ ಚಿಂತೆ, ಜೂನ್ ಬಂತೆಂದರೆ ಸಸಿಮಡಿಯ ಕೆಲಸ, ಆಮೇಲೆ ನಾಟಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆಗೆ ಅದಕ್ಕಿಂತ ಬಹಳ ಹೆಚ್ಚು. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ನಾಟಿ ಮುಗಿದ ಮೇಲಿನ ಕಕ್ಕಡದ, ಎಂದರೆ ಆಟಿ ತಿಂಗಳ, ದಿನಗಳಲ್ಲಿ, ಶಾಲೆಗೆ ಮಳೆ ರಜೆ ಸಿಕ್ಕಿ, ಕರೆಂಟು ಹೋದದ್ದು ದಿನಗಟ್ಟಲೆ ಬಾರದೆ, ಮನೆಮಂದಿಯೆಲ್ಲ ಒಂದೇ ಸೂರಿನಡಿ ಕೂಡಿಬಿದ್ದಾಗ ನಮ್ಮ ಅವ್ವ ಕಸೂತಿಯ ಡಬ್ಬಿಯನ್ನು ತೆರೆಯುತ್ತಿದ್ದಳು.

ಮಧ್ಯಾಹ್ನದ ಊಟದ ಪಾತ್ರೆ ತೊಳೆದದ್ದಾದ ಮೇಲೆ ಸಂಜೆಯ ಕಾಫಿಗೆ ನೀರಿಡುವವರೆಗಿನ ಹೊತ್ತು ಅವಳದು. ಜಗಲಿಯ ಕಿಟಕಿಯ ಬಳಿ ಬೆಳಕು ಚೆನ್ನಾಗಿ ಬೀಳುವ ಕಡೆ ಕುರ್ಚಿ ಹಾಕಿಕೊಂಡು, ಆಂಕರ್ ನೂಲಿನ ಆರು ಎಳೆಗಳಲ್ಲಿ ಎರಡನ್ನು ಮಾತ್ರ ಬಿಡಿಸಿಕೊಂಡು ಸೂಜಿಗೆ ಪೋಣಿಸುತ್ತಿದ್ದಳು. ಆ ತೇವದ ಹವೆಗೆ ಸೂಜಿಗೆ ತುಕ್ಕು ಹಿಡಿಯುವುದು, ಬಟ್ಟೆಗೆ ಬೂಷ್ಟು ಬರುವುದು ಎರಡೂ ಸಾಮಾನ್ಯ; ಆದ್ದರಿಂದ ಸೂಜಿಗಳು ಒಣ ಬೂದಿ ತುಂಬಿದ ಸಣ್ಣ ಬಾಟಲಿಯಲ್ಲಿ ಇರುತ್ತಿದ್ದವು, ಬಟ್ಟೆಯನ್ನು ರಾತ್ರಿ ಅಗ್ಗಿಷ್ಟಿಕೆಯ ಕಾವು ತಾಗುವಲ್ಲಿ ಹರವಿಡಲಾಗುತ್ತಿತ್ತು. ಪತ್ರಿಕೆಗಳಲ್ಲಿ ಬರುತ್ತಿದ್ದ ನಮೂನೆಗಳನ್ನು ಕಾರ್ಬನ್ ಕಾಗದವಿಟ್ಟು ಇಳಿಸಿಕೊಳ್ಳುವುದು ಅವಳಿಗೆ ಗೊತ್ತಿತ್ತು. ಆದರೂ ಅವಳು ಹೆಚ್ಚು ಪ್ರೀತಿಯಿಂದ ಹಾಕಿದ ಮೇಜಿನ ಬಟ್ಟೆಯ ನಮೂನೆ ಬಂದದ್ದು ಅಂಗಳದಾಚೆಯ ಕಾಫಿ ಗಿಡದಿಂದ.

ಆ ಬಟ್ಟೆ ಈಗ ನನ್ನ ಬಳಿಯಿದೆ. ಸುತ್ತ ಅಂಚಿಗೆ ಕಾಫಿಯ ರೆಂಬೆ. ಗೆಣ್ಣು ಗೆಣ್ಣಿಗೂ ಎದುರುಬದುರಾಗಿ ಎರಡು ಎಲೆ, ಎಲೆಯ ಬುಡದಲ್ಲಿ ಫ್ರೆಂಚ್ ನಾಟ್ ಎಂಬ ಗಂಟುಹೊಲಿಗೆ ಹಾಕಿ ಮಾಡಿದ ಕಾಯಿಯ ಗೊಂಚಲು. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿಯೂ ಇದೆ, ಅರೆಹಳದಿಯೂ ಇದೆ, ಕೆಂಪು ಹಣ್ಣೂ ಇದೆ, ಏಕೆಂದರೆ ಕಾಫಿ ಒಟ್ಟಿಗೆ ಹಣ್ಣಾಗುವುದಿಲ್ಲ. ಮಳೆಗಾಲದಲ್ಲಿ ಗಿಡದಲ್ಲಿರುವುದು ಹಸಿರು ಕಾಯಿ ಮಾತ್ರ. ಹಾಗಾಗಿ ಆ ವರ್ಷ ಅವ್ವ ಹಸಿರನ್ನಷ್ಟೇ ಹಾಕಿ ಬಟ್ಟೆಯನ್ನು ಮಡಿಚಿಟ್ಟಳು. ಕೊಯ್ಲಿನ ಗಡಿಬಿಡಿಯಲ್ಲಿ ಹೊಲಿಯಲು ಸಾಧ್ಯವಿರಲಿಲ್ಲ. ಆದರೂ ಒಂದು ದಿನ ತೋಟದಿಂದ ಬರುವಾಗ ಸೆರಗಿನಲ್ಲಿ ನಾಲ್ಕಾರು ಹಣ್ಣು ತಂದು, ನೂಲಿನ ಉಂಡೆಗಳನ್ನು ಒಂದೊಂದಾಗಿ ಅವುಗಳ ಪಕ್ಕದಲ್ಲಿಟ್ಟು ನೋಡಿ, ಹೊಂದುವ ಕೆಂಪನ್ನು ಆರಿಸಿ ಅದರ ಒಂದು ತುಂಡನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡಳು. ಕೆಂಪು ಬಿದ್ದದ್ದು ಮರುವರ್ಷದ ಮಳೆಗಾಲದಲ್ಲಿ. ತಪ್ಪಿದ ಹೊಲಿಗೆಯನ್ನು ಅವಳು ಬಿಚ್ಚುವಾಗ ನಾವು ಮಕ್ಕಳು ಪಕ್ಕದಲ್ಲಿಯೇ ಕೂತು ನೋಡುತ್ತಿದ್ದೆವು. ಸಿಡುಕದೆ, ನಿಟ್ಟುಸಿರು ಬಿಡದೆ, ಸೂಜಿಯ ಹಿಂಬದಿಯಿಂದ ಎಳೆಯನ್ನು ಎತ್ತಿ ಎತ್ತಿ ಬಿಡಿಸುತ್ತಿದ್ದಳು. ಒಂದು ಕೆಲಸವನ್ನು ಸರಿಯಾಗುವವರೆಗೆ ಮತ್ತೆ ಮಾಡಬಹುದು ಎಂಬುದನ್ನು ನನಗೆ ಯಾವ ತರಗತಿಯೂ ಅಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ.

ಈ ಚಿತ್ರದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ವ್ಯಕ್ತಿ ನಮ್ಮ ಅಜ್ಜಿ. ನಡುಮಧ್ಯಾಹ್ನ ಯಾರಾದರೂ ತಿನ್ನಲು ಕೇಳಿದರೆ, ಚಹಾ ಬೇಕೆಂದರೆ, ಅಂಗಿಯ ಗುಂಡಿ ಹೋಗಿದೆಯೆಂದರೆ, “ಅವಳು ಕೂತುಕೊಂಡಿದ್ದಾಳೆ, ಬೇಕಾದ್ದು ಒಳಗೆ ಇದೆ, ಹೋಗಿ ತಕ್ಕೊಳ್ಳಿ” ಎನ್ನುತ್ತಿದ್ದಳು. ಅಪ್ಪನಿಗೂ ಅದೇ ಮಾತು. ಅತ್ತೆಯಾದವಳು ಸೊಸೆಯ ಹವ್ಯಾಸಕ್ಕೆ ಹೀಗೆ ಕಾವಲು ನಿಲ್ಲುವುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಅಪ್ಪನೂ ತನ್ನ ಪಾಲಿನದನ್ನು ನಡೆಸಿಕೊಂಡು ಬಂದ. ದನಗಳಿಗೆ ಹುಲ್ಲು ಹಾಕಿ ಬಂದು ತಾನೇ ಕಾಫಿಗಿಟ್ಟುಕೊಳ್ಳುತ್ತಿದ್ದ. ಅವನ ಹವ್ಯಾಸ ಬೇರೆ. ಮರುನಾಟಿಗೆಂದು ಕಿತ್ತ ಹಳೆಯ ಕಾಫಿ ಗಿಡಗಳಲ್ಲಿ ಚಂದದ ತಿರುವುಳ್ಳವನ್ನು ಆರಿಸಿ, ಸಿಪ್ಪೆ ಸುಲಿದು, ಕಡಿದ ತುದಿಗಳು ಸೀಳದಂತೆ ಮೇಣ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಿದ್ದ. ಆಮೇಲೆ ಊರುಗೋಲೋ, ಟೀಪಾಯಿಯ ಕಾಲೋ ಆಗುತ್ತಿತ್ತು. ಕಾಂಡಕೊರಕ ಹುಳು ಹಿಡಿದ ಗಿಡ ಎಷ್ಟೇ ಸೊಗಸಾದ ಆಕಾರದ್ದಾದರೂ ಸುಟ್ಟುಬಿಡುತ್ತಿದ್ದನೇ ಹೊರತು ಮನೆಗೆ ತರುತ್ತಿರಲಿಲ್ಲ, ಏಕೆಂದರೆ ಆ ಹುಳು ಹಾರಿ ಹೋಗಿ ಮತ್ತೊಂದು ಅರೇಬಿಕಾ ಗಿಡದಲ್ಲಿ ಮೊಟ್ಟೆಯಿಡುತ್ತದೆ. ಕಾಫಿ ಮರದ ಇಂಥ ಸಾಮಾನುಗಳು ಇಂದು ಮಡಿಕೇರಿಯ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರಾಟವಾಗುತ್ತವೆ. ಅಪ್ಪ ಮಾಡಿದವು ನೆಂಟರ ಮನೆಗಳಲ್ಲಿವೆ.

ಕೊಡಗಿನಲ್ಲಿ ಇದಕ್ಕೆ ದೊಡ್ಡ ಮೇಲ್ಪಂಕ್ತಿಗಳೂ ಇವೆ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯ ಅಧಿಕಾರಿ. ನೌಕರಿಯ ನಡುವೆಯೇ ಊರೂರಿನ ಹಾಡುಗಾರರಿಂದ ಕೊಡವ ಜಾನಪದ ಗೀತೆಗಳನ್ನೂ ಗಾದೆಗಳನ್ನೂ ಪದ್ಧತಿಗಳ ವಿವರವನ್ನೂ ಕೇಳಿ ಬರೆದುಕೊಂಡು, 1924ರಲ್ಲಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದರು. ದುಡಿ ಎಂಬ ಸಣ್ಣ ಚರ್ಮವಾದ್ಯದ ಬಡಿತಕ್ಕೆ ಬಾಯಿಂದ ಬಾಯಿಗೆ ಬಂದ ಹಾಡುಗಳು ಇಂದಿಗೂ ಓದಲು ಸಿಗುತ್ತಿರುವುದು ಅವರ ಆ ದುಡಿಮೆಯಿಂದ. ಆ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಹೊರತಂದವರು ಅವರ ಮೊಮ್ಮಕ್ಕಳೇ ಆದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ. ಮನೆಯ ಹಿರಿಯರೊಬ್ಬರು ಬಿಡುವಿನಲ್ಲಿ ಹಿಡಿದ ಕೆಲಸವನ್ನು ಮೂರನೆಯ ತಲೆಮಾರು ಕೈಗೆತ್ತಿಕೊಂಡ ಇಂಥ ಉದಾಹರಣೆ ನಮ್ಮ ಕಣ್ಣಮುಂದೆಯೇ ಇರುವಾಗ, ತಂದೆ ತಾಯಿಯ ಹವ್ಯಾಸವನ್ನು ಅವರೊಬ್ಬರ ಖಾಸಗಿ ಸಂತೋಷವೆಂದು ಬದಿಗಿಡುವುದು ನನಗೆ ಸರಿಯೆನಿಸುವುದಿಲ್ಲ.

ಕೊಡಗಿನ ಗೌರಮ್ಮನವರನ್ನು ನಮ್ಮ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. 1912ರಲ್ಲಿ ಹುಟ್ಟಿ, 1939ರಲ್ಲಿ, ಇನ್ನೂ 27ರ ಹರೆಯದಲ್ಲಿ, ಹೊಳೆಯಲ್ಲಿ ಮುಳುಗಿ ತೀರಿಕೊಂಡ ಈ ಕಥೆಗಾರ್ತಿ, ಪತಿ ಕಾಫಿ ತೋಟದ ವ್ಯವಸ್ಥಾಪಕರಾಗಿದ್ದ ಸುಂಟಿಕೊಪ್ಪದ ಕಡೆಯ ಮನೆಯಲ್ಲಿ ಸಂಸಾರ ನಡೆಸುತ್ತ, ಮಗನೊಬ್ಬನನ್ನು ಸಾಕುತ್ತ ಬರೆದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು, ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ದಿಟ್ಟ ಹೆಣ್ಣುಮಗಳು. ವಿಧವೆಯರ ಪಾಡು, ವರದಕ್ಷಿಣೆ, ಹೆಣ್ಣಿನ ಮನಸ್ಸನ್ನು ಕೇಳದೆ ನಡೆಯುವ ಮದುವೆ ಇವನ್ನೆಲ್ಲ ಅಷ್ಟು ಎಳೆಯ ವಯಸ್ಸಿನಲ್ಲಿ ಅಷ್ಟು ನೇರವಾಗಿ ಬರೆದ ಅವರ ಕಥೆಗಳು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಪ್ರಕಟವಾದವು. ಸಂಕಲನವಾಗಿ ಓದುಗರ ಕೈಸೇರಿದ್ದು ಅವರು ಹೋದ ಮೇಲೆ. ಇಂದು ಕೊಡಗು ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಅವರ ಹೆಸರಿನ ದತ್ತಿ ಪ್ರಶಸ್ತಿಯನ್ನು ಜಿಲ್ಲೆಯ ಲೇಖಕಿಯರಿಗೆ ನೀಡುತ್ತಾ ಬಂದಿದೆ. ಎಳೆಯ ಮಗುವಿನ ತಾಯಿಯೊಬ್ಬಳು ಬರೆಯಲು ಕೂತಾಗ ಅವಳನ್ನು ಎಬ್ಬಿಸದೆ ಇದ್ದ ಮನೆ ಕನ್ನಡ ಸಾಹಿತ್ಯಕ್ಕೂ ಏನನ್ನೋ ಕೊಟ್ಟಿದೆ ಎಂದು ನಾನು ನಂಬುತ್ತೇನೆ.

ಇನ್ನು ಇಲ್ಲಿನ ಮಾತು. ನಮ್ಮ ಮನೆಗಳಲ್ಲಿ ಅಜ್ಜಿಯ ಆ ಕಾವಲಿನ ಕೆಲಸವನ್ನು ಈಗ ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕು, ಮಕ್ಕಳೂ ಅದರಲ್ಲಿ ಪಾಲುಗೊಳ್ಳಬೇಕು. ವಾರದಲ್ಲಿ ಒಂದು ಸಂಜೆ ಅಮ್ಮ ವೀಣೆ ಹಿಡಿದು ಕೂತರೆ ಅಡಿಗೆಮನೆ ಅಪ್ಪನದು, ಮರುದಿನ ಅಪ್ಪ ಬಣ್ಣದ ಪೆಟ್ಟಿಗೆ ತೆರೆದರೆ ಮಕ್ಕಳ ಹೋಂವರ್ಕ್ ಅಮ್ಮನದು ಎಂದು ಮಾತು ಮಾಡಿಕೊಂಡ ಮನೆಗಳು ನಮ್ಮ ಸಂಘದಲ್ಲಿಯೇ ಇವೆ, ಅವರನ್ನು ನೋಡಿ ನನಗೆ ಗೌರವ ಉಂಟಾಗಿದೆ. ಹೆಣ್ಣುಮಕ್ಕಳು ಎಲ್ಲ ಕೆಲಸವನ್ನೂ ಮುಗಿಸಿ, ಮನೆಮಂದಿಯೆಲ್ಲ ಮಲಗಿದ ಮೇಲೆ, ನಿದ್ದೆಗೆಟ್ಟು ತಮ್ಮ ಹವ್ಯಾಸವನ್ನು ಉಳಿಸಿಕೊಳ್ಳುವುದನ್ನು ನಾವು ಸಭೆಗಳಲ್ಲಿ ಹೊಗಳುತ್ತೇವೆ. ಆ ಹೊಗಳಿಕೆಯನ್ನು ನಿಲ್ಲಿಸಿ ಅವರಿಗೆ ಹಗಲಿನ ಒಂದು ಗಂಟೆಯನ್ನು ಬಿಟ್ಟುಕೊಡುವುದು ಹೆಚ್ಚು ನ್ಯಾಯವಾದದ್ದು. ಇನ್ನೊಂದು ಮಾತನ್ನೂ ಹೇಳಲೇಬೇಕು. ಯಾರಾದರೂ ಒಂದು ಚಂದದ ವಸ್ತು ಮಾಡಿದೊಡನೆ “ಇದನ್ನು ಮಾರಬಹುದಲ್ಲ” ಎನ್ನುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಮಾರುವುದರಲ್ಲಿ ತಪ್ಪಿಲ್ಲ, ಆದರೆ ಕಚೇರಿಯ ಗಡುವುಗಳಿಂದ ತಪ್ಪಿಸಿಕೊಂಡು ಬಂದು ಕುಂಚ ಹಿಡಿದವರ ಮುಂದೆ ಇನ್ನೊಂದು ಗಡುವನ್ನು ತಂದಿಡಬಾರದು.

ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಬಂದು ನಮ್ಮೊಡನೆ ಉಳಿಯುವ ಹಿರಿಯರನ್ನು ಈ ವಿಷಯದಲ್ಲಿ ಮರೆಯುವಂತಿಲ್ಲ. ಸಂಜೆ ನಾಲ್ಕೂವರೆಗೆ ಕತ್ತಲಾಗುವ ಇಲ್ಲಿನ ಚಳಿಗಾಲದಲ್ಲಿ, ಮಕ್ಕಳು ಮೊಮ್ಮಕ್ಕಳು ಮನೆಗೆ ಬರುವವರೆಗೆ ಅವರು ಸೋಫಾದ ಮೇಲೆ ಸುಮ್ಮನೆ ಕೂತಿರುತ್ತಾರೆ. ಆ ಕೈಗಳಿಗೆ ಬುಟ್ಟಿ ಹೆಣೆಯಲು ಗೊತ್ತು, ರಂಗೋಲಿ ಗೊತ್ತು, ಡೇಲಿಯಾ ಗೆಡ್ಡೆಯನ್ನು ಚಳಿಯಲ್ಲಿ ಕಾಪಿಟ್ಟು ವಸಂತದಲ್ಲಿ ನೆಡಲು ಗೊತ್ತು. ಬೇಕಾದ ಸಾಮಗ್ರಿಯನ್ನು ತಂದುಕೊಟ್ಟು, ಬೆಳಕು ಬೀಳುವ ಕಿಟಕಿಯ ಬಳಿ ಒಂದು ಮೇಜನ್ನು ಅವರಿಗೆಂದೇ ಬಿಟ್ಟುಕೊಟ್ಟರೆ ಸಾಕು.

ಇದೆಲ್ಲವನ್ನೂ ಬರೆದು ಸುಮ್ಮನಾಗುವ ಬದಲು, ಸಂಪಾದಕ ಮಂಡಳಿಯು ಮುಂದಿನ ಸಂಚಿಕೆಯಿಂದ ಎರಡು ಪುಟಗಳನ್ನು ತಂದೆ ತಾಯಂದಿರ ಮತ್ತು ಅಜ್ಜಿ ಅಜ್ಜಂದಿರ ಕೈಕೆಲಸಕ್ಕೆ ಮೀಸಲಿಡಲು ತೀರ್ಮಾನಿಸಿದೆ. ಕಥೆ, ಕವಿತೆ, ಚಿತ್ರ, ಕಸೂತಿ, ಮರಗೆಲಸ, ಕೈತೋಟ, ರಾಗ ಹಾಕಿದ ಒಂದು ಹಾಡು, ಯಾವುದಾದರೂ ಆಗಬಹುದು. ಪೂರ್ತಿಯಾಗದೆ ನಿಂತಿರುವ ಕೆಲಸವಾದರೂ ಸರಿಯೇ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ಆಯ್ಕೆಗೆ ವಯಸ್ಸಿನ ಮಿತಿಯೂ ಇಲ್ಲ. ಛಾಯಾಚಿತ್ರವನ್ನು ಮನೆಯ ಮಕ್ಕಳೇ ತೆಗೆದು, ತಾವು ಕಂಡಂತೆ ಆ ಕೆಲಸದ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ನಮಗೆ ಹೆಚ್ಚು ಸಂತೋಷ. ಕಳುಹಿಸುವವರು ದಯವಿಟ್ಟು ಇನ್ನೊಂದು ವಿವರವನ್ನು ಸೇರಿಸಬೇಕು: ಆ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲಿ ಮನೆಯ ಉಳಿದ ಕೆಲಸವನ್ನು ಯಾರು ನೋಡಿಕೊಂಡರು? ಮಾಡಿದವರ ಹೆಸರಿನ ಪಕ್ಕದಲ್ಲಿ ಅವರ ಹೆಸರನ್ನೂ ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.