ಚೀಟಿಯಲ್ಲಿ ‘ಕಬ್ಬಿಣ’ ಅಲ್ಲ, ‘ಉಕ್ಕು’ ಅಂತ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ಕತ್ತಿಗಳ ಫೋಟೊ ಹಾಕಿದ್ದಿರಿ. ಫೋಟೊ ಚೆನ್ನಾಗಿತ್ತು. ಕೆಳಗೆ ‘ಕಬ್ಬಿಣದ ಕತ್ತಿಗಳು’ ಅಂತ ಬರೆದಿದ್ದಿರಿ. ನನ್ನ ತಕರಾರು ಆ ಒಂದು ಪದದ ಮೇಲೆ ಮಾತ್ರ. ಆದರೆ ಹೇಳೋಕೆ ಸ್ವಲ್ಪ ಜಾಗ ಬೇಕು, ಪತ್ರ ಉದ್ದವಾಯಿತು ಅಂತ ಬದಿಗಿಡಬೇಡಿ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಹೀಟ್ ಟ್ರೀಟ್‌ಮೆಂಟ್ ಸೆಕ್ಷನ್‌ನಲ್ಲಿ ಇದ್ದವನು. ಡೈ, ಪಂಚು, ಗೇಜು ಎಲ್ಲ ಮೆಷಿನ್ ಆಗಿ ನಮ್ಮ ಹತ್ತಿರ ಬರುತ್ತಿದ್ದವು. ಅವನ್ನು ಫರ್ನೇಸಿನಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತಂದು, ರಾಕ್‌ವೆಲ್ ಮೆಷಿನ್ನಿಗೆ ಇಟ್ಟು ಎಷ್ಟು ಗಟ್ಟಿ ಬಂತು ಅಂತ ನೋಡಬೇಕು. ಒಂದು ಸಲ ಸ್ಟೋರಿನವರು ಅಚಾತುರ್ಯದಿಂದ ಸಾದಾ ಕಬ್ಬಿಣದ ರಾಡು ಕೊಟ್ಟುಬಿಟ್ಟಿದ್ದರು. ಪಂಚು ತಯಾರಾಗಿ ಬಂತು. ಕಾಯಿಸಿದೆ, ಅದ್ದಿದೆ, ಅರದಿಂದ ಉಜ್ಜಿದರೆ ಬೆಣ್ಣೆ ಥರ ಬರ್ತಿದೆ! ಸೂಪರ್‌ವೈಸರ್ ನನ್ನ ಮೇಲೆ ಕೂಗಾಡಿದರು. ಗ್ರೈಂಡಿಂಗ್ ವೀಲಿಗೆ ಹಿಡಿದು ಕಿಡಿ ತೋರಿಸಿದ ಮೇಲೆ ಸುಮ್ಮನಾದರು. ಉಕ್ಕು ಅಂದರೆ ಇಂಗಾಲ ಬೆರೆತ ಕಬ್ಬಿಣ, ಆ ಇಂಗಾಲದಿಂದಲೇ ಅದು ಗಟ್ಟಿಯಾಗುವುದು. ಉಕ್ಕಿನ ಕಿಡಿ ಹೂವಿನ ಹಾಗೆ ಒಡೆಯುತ್ತದೆ, ಕಬ್ಬಿಣದ್ದು ಉದ್ದ ಗೆರೆ ಎಳೆದು ಆರಿಹೋಗುತ್ತದೆ. ಆ ವ್ಯತ್ಯಾಸದಲ್ಲೇ ನನ್ನ ಅನ್ನ ಇತ್ತು. ಹಾಗಾಗಿ ಯಾರಾದರೂ ಒಳ್ಳೆ ಕತ್ತಿಗೆ ‘ಕಬ್ಬಿಣ’ ಅಂದರೆ ಸ್ವಲ್ಪ ಉರಿಯುತ್ತೆ, ಕ್ಷಮಿಸಿ.

ಹೋದ ಜೂನ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ನದಿಯ ಪಕ್ಕ ರಾಯಲ್ ಆರ್ಮರೀಸ್ ಅಂತ ಮ್ಯೂಸಿಯಂ ಇದೆ. ಬರೀ ಆಯುಧ, ಕವಚಗಳದ್ದೇ. 1996ರಲ್ಲಿ ತೆರೆದದ್ದು. ಟಿಕೆಟ್ ಇಲ್ಲ. ಒಳಗೆ ಹೋಗುತ್ತಿದ್ದಂತೆ ಮೆಟ್ಟಿಲಿನ ಸುತ್ತ ಗೋಡೆ ತುಂಬ ಕತ್ತಿ, ಕೋವಿ, ಎದೆಕವಚ. ಎರಡೂವರೆ ಸಾವಿರಕ್ಕೂ ಜಾಸ್ತಿ ಅಂತೆ. ‘ರಿಟೈರ್ ಆದರೂ ಇವರಿಗೆ ಕಬ್ಬಿಣದ ಚಟ ಹೋಗಲಿಲ್ಲ’ ಅಂದಳು ನನ್ನ ಹೆಂಡತಿ. ಅವಳೂ ಕಬ್ಬಿಣ ಅಂದಳು ನೋಡಿ.

ಏಳು ವರ್ಷದ ಮೊಮ್ಮಗನಿಗೆ ಬೇಕಾಗಿದ್ದು ಆನೆ. ಆನೆಯ ಕವಚ ನಿಜಕ್ಕೂ ನೋಡಬೇಕಾದ್ದು. ಆಳೆತ್ತರ ಮೀರಿದ ಆನೆಯ ಬೊಂಬೆಗೆ ತೊಡಿಸಿ ನಿಲ್ಲಿಸಿದ್ದಾರೆ. ಸಣ್ಣ ಸಣ್ಣ ಉಕ್ಕಿನ ತಗಡುಗಳನ್ನು ಬಳೆಗಳಿಂದ ಪೋಣಿಸಿ ಮಾಡಿದ್ದು. ಮಧ್ಯೆ ಮಧ್ಯೆ ದೊಡ್ಡ ಚೌಕದ ತಗಡು, ಅದರಲ್ಲಿ ಆನೆ, ತಾವರೆ, ಹಕ್ಕಿ, ಮೀನು ಉಬ್ಬಿಸಿದ್ದಾರೆ. ಮೊದಲು 8,439 ತಗಡು ಇದ್ದವಂತೆ, ಈಗ 5,840 ಉಳಿದಿವೆ. ಉಳಿದಷ್ಟಕ್ಕೇ 118 ಕೆ.ಜಿ. ತೂಕ. 1600ರ ಸುಮಾರಿಗೆ ಉತ್ತರ ಭಾರತದಲ್ಲಿ ಮಾಡಿದ್ದನ್ನು 1801ರಲ್ಲಿ ಇಂಗ್ಲೆಂಡಿಗೆ ತಂದವಳು ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್‌ನ ಹೆಂಡತಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಆಕೆ ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿಕೊಂಡು ಹೋದವಳು. ಮೊಮ್ಮಗ ಕೇಳಿದ್ದು ಒಂದೇ ಪ್ರಶ್ನೆ: ‘ತಾತ, ಆನೆಗೆ ಸೆಕೆ ಆಗ್ತಿರಲಿಲ್ವಾ?’ ಆಗಿರುತ್ತೆ ಮಗು, ಖಂಡಿತ.

ಅಲ್ಲಿನ ರಾಜ ಎಂಟನೇ ಹೆನ್ರಿಗೆ ಉಡುಗೊರೆ ಬಂದಿದ್ದ, ಟಗರಿನ ಕೊಂಬು, ಕನ್ನಡಕ ಎರಡೂ ಇರುವ ಶಿರಸ್ತ್ರಾಣ ನೋಡಿ ಮೊಮ್ಮಗ ಬಿದ್ದು ಬಿದ್ದು ನಕ್ಕ. ನನಗೆ ಅದು ಅಷ್ಟಕ್ಕಷ್ಟೆ.

ನಾನು ಕಾಲು ಕೀಳದೆ ನಿಂತದ್ದು ನಮ್ಮ ಕಡೆಯ ತಲ್ವಾರುಗಳ ಮುಂದೆ. ಮೊದಲು ನೋಡಿದಾಗ ಏನೂ ಅನ್ನಿಸಲಿಲ್ಲ, ಬೂದು ಬಣ್ಣದ ಅಲಗು ಅಷ್ಟೆ. ಅಲ್ಲೊಬ್ಬ ವಯಸ್ಸಾದ ಸಿಬ್ಬಂದಿ ಇದ್ದರು. ನಾನು ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದು ನೋಡಿ ಹತ್ತಿರ ಬಂದು, ಹಾಗಲ್ಲ, ಮಂಡಿ ಬಗ್ಗಿಸಿ ಪಕ್ಕದಿಂದ ನೋಡಿ ಅಂತ ಕೈಸನ್ನೆ ಮಾಡಿದರು. ಮಂಡಿ ನೋವು ಇದ್ದರೂ ಬಗ್ಗಿದೆ. ಬೆಳಕು ಅಲಗಿನ ಮೇಲೆ ಓರೆಯಾಗಿ ಜಾರಿತು ನೋಡಿ, ಅಲಗಿನ ಉದ್ದಕ್ಕೂ ಅಲೆ ಎದ್ದಿತು! ಗಾಳಿ ಬೀಸಿದಾಗ ಕೆರೆ ನೀರಿನ ಮೇಲೆ ಸಣ್ಣಗೆ ಸುಕ್ಕು ಬೀಳುತ್ತಲ್ಲ, ಹಾಗೆ. ತಲೆ ಒಂದು ಇಂಚು ಆಚೆ ಸರಿಸಿದರೆ ಮಾಯ. ಮತ್ತೆ ಸರಿಸಿದರೆ ಮತ್ತೆ ಬಂತು.

ಅದು ಚಿತ್ರ ಕೆತ್ತಿದ್ದಲ್ಲ, ಬಳಿದದ್ದೂ ಅಲ್ಲ. ಲೋಹದ ಒಳಗಿನದೇ ರಚನೆ. ನಮ್ಮ ಲ್ಯಾಬಿನಲ್ಲಿ ಉಕ್ಕಿನ ಚೂರನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ, ನೈಟಲ್ ಅನ್ನುವ ಆಸಿಡ್ ದ್ರಾವಣ ಹಚ್ಚಿ, ನಾನೂರು ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪಿನಲ್ಲಿ ಕಾರ್ಬೈಡ್, ಅಂದರೆ ಕಬ್ಬಿಣ ಇಂಗಾಲ ಸೇರಿ ಆದ ಗಟ್ಟಿ ಕಣಗಳನ್ನು, ನೋಡುತ್ತಿದ್ದೆವು. ಇಲ್ಲಿ ಆ ಕಾರ್ಬೈಡುಗಳೇ ಸಾಲು ಸಾಲಾಗಿ ಕೂತು ಬರಿಗಣ್ಣಿಗೆ ಕಾಣುತ್ತಿವೆ. ನಾನು ದಿನಾ ಕಾಯಿಸುತ್ತಿದ್ದ ಇ.ಎನ್.31 ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 1. ಈ ಹಳೆಯ ಉಕ್ಕಿನಲ್ಲಿ ಸಾಮಾನ್ಯವಾಗಿ 1.2ರಿಂದ 1.6ರವರೆಗೆ ಇರುತ್ತದೆ. ಅಷ್ಟು ಇಂಗಾಲ ಇದ್ದದ್ದನ್ನು ಬಡಿದು ಕತ್ತಿ ಮಾಡುವುದು ಹುಡುಗಾಟವಲ್ಲ. ಕೆಂಪು ಬಿಸಿಯಲ್ಲೇ ನಿಧಾನಕ್ಕೆ ಬಡಿಯಬೇಕು. ಯುರೋಪಿನ ಕಮ್ಮಾರರು ತಮ್ಮ ಕಬ್ಬಿಣಕ್ಕೆ ಮಾಡುವ ಹಾಗೆ ಬೆಳ್ಳಗೆ ಕಾಯಿಸಿ ಸುತ್ತಿಗೆ ಹಾಕಿದರೆ ಪುಡಿಪುಡಿಯಾಗುತ್ತಿತ್ತು.

ಆ ಹಿರಿಯರು ‘ವುಟ್ಜ್’ ಅಂದರು. ನನಗೆ ಅರ್ಥವಾಗಲಿಲ್ಲ. ಮಗಳು ಮೊಬೈಲಿನಲ್ಲಿ ಹುಡುಕಿ ನಕ್ಕಳು. ‘ಅಪ್ಪಾ, ಅವರು ಹೇಳ್ತಿರೋದು ಉಕ್ಕು!’

ಹೌದು ಸ್ವಾಮಿ. ಬೊಂಬಾಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಅನ್ನುವ ವೈದ್ಯ 1794ರಲ್ಲಿ ಇದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷೆ ಮಾಡಿ ಬರೆದ ಲೇಖನದ ಹೆಸರಿನಲ್ಲೇ ‘ವುಟ್ಜ್’ ಇದೆ. ಅದು ನಮ್ಮ ‘ಉಕ್ಕು’ ಕೆಟ್ಟು ಆದದ್ದು ಅನ್ನುವುದು ಬಹುಪಾಲು ವಿದ್ವಾಂಸರ ಮಾತು. ತೆಲುಗಿನವರೂ ಉಕ್ಕು ಅಂತಲೇ ಅನ್ನುತ್ತಾರೆ, ತಮಿಳಿನಲ್ಲೂ ಅದರ ನೆಂಟ ಪದ ಇದೆ. ಗೋಲ್ಕೊಂಡ ಸೀಮೆಯ ಉಕ್ಕು ಕೊಳ್ಳಲು ಪರ್ಷಿಯಾದಿಂದ ವ್ಯಾಪಾರಿಗಳು ಬರುತ್ತಿದ್ದರು. ಹಾಗಾಗಿ ಎಲ್ಲ ನಮ್ಮದೇ ಅಂತ ಜಗಳ ಬೇಡ, ಹಂಚಿಕೊಳ್ಳೋಣ. 1819ರಲ್ಲಿ ಮೈಕೆಲ್ ಫ್ಯಾರಡೆ ಈ ಉಕ್ಕಿನ ವಿಶ್ಲೇಷಣೆ ಪ್ರಕಟಿಸಿದ. ವಿದ್ಯುತ್ತಿನ ಫ್ಯಾರಡೆಯೇ. ಅವನ ಅಪ್ಪ ಕಮ್ಮಾರ, ಅದು ನನಗೆ ಜಾಸ್ತಿ ಖುಷಿ ಕೊಟ್ಟ ವಿಷಯ.

ಇನ್ನೊಂದು ಮಾತು ನನ್ನೂರಿನದು. ನಾನು ಕೊರಟಗೆರೆ ತಾಲ್ಲೂಕಿನವನು. ಮೈಸೂರು ರಾಜ್ಯ ಸುತ್ತಿ ವರದಿ ಬರೆಯಲು ಈಸ್ಟ್ ಇಂಡಿಯಾ ಕಂಪನಿಯವರು 1800ರಲ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯಲ್ಲೂ ನಮ್ಮ ಮಧುಗಿರಿ ಆಸುಪಾಸಿನಲ್ಲೂ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದದ್ದನ್ನೂ. ಕೆಲಸದ ರೀತಿ ಹೀಗೆ: ಸಣ್ಣ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಒಣ ಕಟ್ಟಿಗೆ, ಒಂದಷ್ಟು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಇಂಥ ಹಲವು ಮೂಸೆಗಳನ್ನು ಒಟ್ಟಿಗೆ ಒಲೆಯಲ್ಲಿ ಜೋಡಿಸಿ, ತಿದಿ ಒತ್ತಿ ಕಾಯಿಸುವುದು. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಅಂಗೈ ಮೇಲೆ ಕೂರುವ ಉಕ್ಕಿನ ಗಟ್ಟಿ. ತಂಗಡಿ ಹೂವು ನಮ್ಮೂರ ಬದುವಿನ ಮೇಲೆ ಈಗಲೂ ಹಳದಿಯಾಗಿ ಅರಳುತ್ತದೆ. ನಾನು ಹುಡುಗನಾಗಿದ್ದಾಗ ಅದರ ಕಡ್ಡಿಯಲ್ಲಿ ಹಲ್ಲುಜ್ಜಿದ್ದೇನೆ. ಇಂಗಾಲ ಅದರಿಂದ ಉಕ್ಕಿಗೆ ಹೋಗುತ್ತಿತ್ತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಈಗ ಇಲ್ಲಿನ ಮ್ಯೂಸಿಯಮ್ಮಿನ ಕಥೆಗೆ ಬರುತ್ತೇನೆ. ವಾಪಸ್ ಬಂದ ತಿಂಗಳೊಳಗೆ ನಮ್ಮ ರಾಜ್ಯದ್ದೇ ಒಂದು ಮ್ಯೂಸಿಯಮ್ಮಿಗೆ ಹೋದೆ. ಹೆಸರು ಬೇಡ, ಅವರನ್ನು ಬೈಸುವುದು ನನ್ನ ಉದ್ದೇಶವಲ್ಲ. ಮಂಡಿ ಬಗ್ಗಿಸಿ ನೋಡೋಣ ಅಂತಲೇ ಹೋಗಿದ್ದು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ಕತ್ತಿ ಒಂದರ ಪಕ್ಕ ಒಂದು. ಮೇಲೆ ಟ್ಯೂಬ್‌ಲೈಟ್. ಗಾಜಿನಲ್ಲಿ ಕಾಣಿಸಿದ್ದು ಟ್ಯೂಬ್‌ಲೈಟು ಮತ್ತು ನನ್ನ ಬೋಳು ತಲೆ. ಚೀಟಿಯಲ್ಲಿ ಎಲ್ಲ ಒಂಬತ್ತಕ್ಕೂ ಸೇರಿಸಿ ಒಂದೇ ಸಾಲು: ‘ಕತ್ತಿಗಳು. ಕಬ್ಬಿಣ. 18ನೇ ಶತಮಾನ.’

ಕೈಯಲ್ಲಿ ಬೆಳಕು ಮರೆ ಮಾಡಿ ಬಗ್ಗಿ ನೋಡಿದೆ. ಅಲೆ ಇಲ್ಲ. ಅದರ ಬದಲು ಅಲಗಿಗೆ ಅಡ್ಡಡ್ಡ ಸಣ್ಣ ಗೆರೆಗಳು, ಒತ್ತೊತ್ತಾಗಿ. ನನಗೆ ಆ ಗೆರೆ ಗೊತ್ತು. 120 ನಂಬರಿನ ಎಮರಿ ಪೇಪರ್, ಅದೂ ಬಟ್ಟೆಯದು. ಹಿಡಿಯ ಹತ್ತಿರ, ಪೇಪರ್ ತಲುಪದ ಮೂಲೆಯಲ್ಲಿ, ಹೆಬ್ಬೆಟ್ಟಿನ ಉಗುರಿನಷ್ಟು ಜಾಗ ಉಳಿದಿತ್ತು. ಅಲ್ಲಿ ಬೂದು ಬಣ್ಣ ಹಾಗೇ ಇತ್ತು. ಆ ಉಗುರಗಲದಲ್ಲಿ ಅಲೆ ಇತ್ತು.

ಅಲ್ಲಿದ್ದ ಅಟೆಂಡರ್ ಒಳ್ಳೆಯ ಮನುಷ್ಯ. ‘ತುಕ್ಕು ಹಿಡಿದಿತ್ತು ಸಾರ್, ಆಯುಧಪೂಜೆಗೆ ಮುಂಚೆ ಉಜ್ಜಿಸಿದ್ವಿ. ಹೇಗೆ ಹೊಳೀತಿದೆ ನೋಡಿ’ ಅಂದರು. ಹೆಮ್ಮೆಯಿಂದಲೇ. ಅವರಿಗೆ ಏನು ಹೇಳಲಿ? ಅಪ್ರೆಂಟಿಸ್ ಆಗಿದ್ದಾಗ ನಾನೂ ಫಿನಿಶ್ ಆದ ಗೇಜಿಗೆ ಎಮರಿ ಹಾಕಿ ತಲೆಗೆ ಮೊಟಕಿಸಿಕೊಂಡವನೇ. ನನಗಾದರೂ ಹೇಳುವವರಿದ್ದರು. ಇವರಿಗೆ ಯಾರೂ ಹೇಳಿಲ್ಲ.

ಅಲ್ಲಿಗೆ ಶಾಲೆ ಮಕ್ಕಳು ಬಂದಿದ್ದರು. ಜೊತೆಗೆ ಬಂದ ಗೈಡ್ ‘ಈ ಕತ್ತಿ ಮೂವತ್ತು ಕೆ.ಜಿ., ಆಗಿನವರು ಒಂದೇ ಕೈಯಲ್ಲಿ ಬೀಸುತ್ತಿದ್ದರು’ ಅಂದ. ಮಕ್ಕಳು ಬಾಯಿ ಬಿಟ್ಟರು. ತಲ್ವಾರಿನ ತೂಕ ಒಂದು ಕೆ.ಜಿ. ಆಸುಪಾಸು, ಸ್ವಲ್ಪ ಹೆಚ್ಚು ಕಡಿಮೆ. ಯುರೋಪಿನ ಸೈನಿಕ ಯುದ್ಧಕ್ಕೆ ತೊಡುತ್ತಿದ್ದ ತಲೆಯಿಂದ ಕಾಲಿನವರೆಗಿನ ಕವಚವೇ 20–25 ಕೆ.ಜಿ., ಅದನ್ನು ತೊಟ್ಟು ಯಾರ ಸಹಾಯವೂ ಇಲ್ಲದೆ ಕುದುರೆ ಹತ್ತುತ್ತಿದ್ದರು. ಮೂವತ್ತು ಕೆ.ಜಿ. ಕತ್ತಿ ಬೀಸಿದರೆ ಶತ್ರು ಟೀ ಕುಡಿದು ಬಂದು ನಿಂತರೂ ಏಟು ಅವನನ್ನು ತಲುಪಿರುವುದಿಲ್ಲ. ಒಂದು ಹುಡುಗಿ ಮಾತ್ರ ‘ಹಿಡಿ ಯಾಕೆ ಇಷ್ಟು ಚಿಕ್ಕದು?’ ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ‘ಆಗಿನವರ ಕೈ ಚಿಕ್ಕದು’ ಅಂದುಬಿಟ್ಟ. ಮೂವತ್ತು ಕೆ.ಜಿ. ಎತ್ತುವ ಚಿಕ್ಕ ಕೈ! ಹಿಡಿಯ ತುದಿಯಲ್ಲಿ ತಟ್ಟೆ ಇರುತ್ತದಲ್ಲ, ಅದು ಮಣಿಕಟ್ಟಿಗೆ ತಾಗಿ ಕೈಯನ್ನು ಬಿಗಿಯಾಗಿ ಕೂರಿಸುತ್ತದೆ. ಆ ಕತ್ತಿ ಕೊಡಲಿಯ ಹಾಗೆ ಕಡಿಯೋಕಲ್ಲ, ತೋಳಿನಿಂದ ಬೀಸಿ ಎಳೆದು ಕೊಯ್ಯೋಕೆ. ತೋರುಬೆರಳನ್ನು ಹಿಡಿಯ ಅಡ್ಡಪಟ್ಟಿಯ ಮೇಲಿಂದ ಹಾಯಿಸಿ ಹಿಡಿಯುವವರೂ ಇದ್ದರು. ಆ ಹುಡುಗಿಗೆ ಇದನ್ನು ಹೇಳಬೇಕು ಅನ್ನುವಷ್ಟರಲ್ಲಿ ಮೇಡಂ ಸಾಲು ಹೊರಡಿಸಿದರು.

ನಾನು ಕೇಳುವುದು ಕೋಟಿಗಟ್ಟಲೆ ಖರ್ಚಿನದ್ದಲ್ಲ. ಟಿಪ್ಪುವಿನ ಮಲಗುವ ಕೋಣೆಯದು ಅನ್ನುವ ಕತ್ತಿ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡ್ ಮುಟ್ಟಿದಾಗ, ವಾಪಸ್ ತರಬೇಕಿತ್ತು ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ವಾರವಿಡೀ ಮಾತು. ತರಲಿ, ಬೇಡ ಅನ್ನಲ್ಲ. ಆದರೆ ಇಲ್ಲೇ ಇರುವುದಕ್ಕೆ ಎಮರಿ ಹಾಕೋದು ನಿಲ್ಲಿಸಬಹುದಲ್ವಾ? ತುಕ್ಕು ಬಂದರೆ ಅದನ್ನು ಕಲಿತವರ ಕೈಗೆ ಕೊಡಲಿ. ಅಳಿಸಿಹೋದ ಅಲೆಯನ್ನು ಬಲ್ಲವರು ತೆಳುವಾದ ಆಸಿಡ್‌ನಿಂದ ಮತ್ತೆ ಎಬ್ಬಿಸಬಲ್ಲರು. ಆದರೆ ದಯವಿಟ್ಟು ಯಾರೂ ಈ ಪತ್ರ ಓದಿ ಮನೆಯ ಹಳೆ ಕತ್ತಿಗೆ ಆಸಿಡ್ ಸುರಿಯಬೇಡಿ. ಟ್ಯೂಬ್‌ಲೈಟ್ ತೆಗೆದು ಪಕ್ಕದಿಂದ ಒಂದು ಸಣ್ಣ ಎಲ್‌ಇಡಿ ಬಿಟ್ಟರೆ ಸಾಕು. ಮಕ್ಕಳ ಎತ್ತರಕ್ಕೆ ‘ಇಲ್ಲಿ ಬಗ್ಗಿ ನೋಡಿ’ ಅಂತ ಒಂದು ಬಾಣದ ಗುರುತು. ಎಲ್ಲಾದರೂ ಒಡೆದ ಮೂಸೆಯ ಚೂರು ಸಿಕ್ಕಿದ್ದರೆ ಅದೂ ಪಕ್ಕದಲ್ಲಿರಲಿ. ಮತ್ತೆ ಆ ಚೀಟಿ.

ಹೊರಡುವಾಗ ಬಸ್ ಟಿಕೆಟ್ಟಿನ ಹಿಂದೆ ಬರೆದು ಅಟೆಂಡರ್ ಕೈಗೆ ಕೊಟ್ಟೆ: ‘ತಲ್ವಾರ್. ಮೂಸೆಯಲ್ಲಿ ಕರಗಿಸಿದ ಉಕ್ಕು. ಲೋಕವೆಲ್ಲ ಇದನ್ನು ವುಟ್ಜ್ ಅನ್ನುತ್ತದೆ, ನಮ್ಮ ಪದದಿಂದ. ಹಿಡಿಯ ಹತ್ತಿರ ಬಗ್ಗಿ ನೋಡಿ, ಅಲೆ ಕಾಣುತ್ತದೆ.’ ಅವರು ಎರಡು ಸಲ ಓದಿದರು. ಆಮೇಲೆ ತಾವೂ ಬಗ್ಗಿದರು. ‘ಹೌದಲ್ಲ ಸಾರ್’ ಅಂದರು. ಟಿಕೆಟ್ಟನ್ನು ಜೇಬಿಗಿಟ್ಟುಕೊಂಡು, ಸಾಹೇಬರಿಗೆ ತೋರಿಸುತ್ತೇನೆ ಅಂದಿದ್ದಾರೆ.

ನಿಮ್ಮ ಮುಂದಿನ ಭಾನುವಾರದ ಪುರವಣಿಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂದರೆ ಕತ್ತರಿಸಿ ಅವರಿಗೂ ಒಂದು ಕಳಿಸುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಹೀಟ್ ಟ್ರೀಟ್‌ಮೆಂಟ್ ಕೆಲಸಗಾರ,
ಬೆಂಗಳೂರು