ಆ ತಲೆಬರಹದ ಬಗ್ಗೆ ಒಂದು ತಕರಾರು

ಸಂಪಾದಕರಿಗೆ ನಮಸ್ಕಾರ,

ಮೇ 19ರ ವಿಶ್ವ ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತ) ದಿನಕ್ಕೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕರುಳಿನ ಉರಿಯೂತದ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಬರುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ‘ಕಾಯಿಲೆ ಗೆದ್ದ ಸಾಧಕರು’ ಅನ್ನುವ ತಲೆಬರಹ ನೋಡಿ ಸ್ವಲ್ಪ ಸಿಟ್ಟು ಬಂತು.

ನನಗೆ ಒಂಬತ್ತು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ, ಐಬಿಡಿಯಲ್ಲೇ ಒಂದು ಬಗೆ. ನಮ್ಮದೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ ದೊಡ್ಡ ಕರುಳಿನ ಮೇಲೆ ಬೀಳುತ್ತದೆ, ಒಳಗೆಲ್ಲ ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ಮೊದಲ ಎಂಟು ತಿಂಗಳು ನಾನು ಮೂಲವ್ಯಾಧಿ ಅಂದುಕೊಂಡು ಔಷಧಿ ನುಂಗಿದ್ದೆ, ಕೊಟ್ಟವರೂ ಹಾಗೇ ಅಂದುಕೊಂಡಿದ್ದರು. ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಮಾಡಿದ ಮೇಲೆ ನಿಜ ಗೊತ್ತಾಯಿತು. ಮಾತ್ರೆಗಳಿಂದ ಇದು ಹತೋಟಿಗೆ ಬರುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಯಾವತ್ತೋ ತಲೆ ಎತ್ತುತ್ತದೆ. ಗೆಲ್ಲುವ ಮಾತು ಎಲ್ಲಿಂದ ಬಂತು?

ನೀವೇ ಫೋಟೊ ಹಾಕಿದ್ದ, ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಅವರನ್ನೇ ತೆಗೆದುಕೊಳ್ಳಿ. ಹದಿಹರೆಯದಿಂದಲೇ ಅವರಿಗೆ ಈ ಕಾಯಿಲೆ. 2007ರಲ್ಲಿ, ಪ್ರಧಾನಿಯಾಗಿ ಒಂದೇ ವರ್ಷಕ್ಕೆ ರಾಜೀನಾಮೆ ಕೊಟ್ಟು ಆಸ್ಪತ್ರೆ ಸೇರಿದರು. ಹೊಟ್ಟೆನೋವು ಅಂತ ಕುರ್ಚಿ ಬಿಟ್ಟು ಓಡಿಹೋದರು ಎಂದು ಜಪಾನಿನಲ್ಲಿ ಜನ ನಕ್ಕರು. ಆಮೇಲೆ ಹೊಸ ಔಷಧಿ ಕೈಹಿಡಿಯಿತು, 2012ರ ಡಿಸೆಂಬರ್‌ನಲ್ಲಿ ಮತ್ತೆ ಪ್ರಧಾನಿಯಾದರು. 2020ರ ಆಗಸ್ಟ್ 24ಕ್ಕೆ, ಸತತವಾಗಿ ಅತಿ ಹೆಚ್ಚು ದಿನ ಆ ಹುದ್ದೆಯಲ್ಲಿದ್ದವರು ಅನ್ನುವ ದಾಖಲೆ ಅವರದಾಯಿತು. ನಾಲ್ಕೇ ದಿನ. 28ನೇ ತಾರೀಕು ಸುದ್ದಿಗೋಷ್ಠಿ ಕರೆದು, ಕಾಯಿಲೆ ಮರುಕಳಿಸಿದೆ, ರಾಜೀನಾಮೆ ಕೊಡುತ್ತೇನೆ ಎಂದರು. ಮುಖ್ಯವಾದ ಹೊತ್ತಿನಲ್ಲೇ ಆರೋಗ್ಯ ಕೆಡಿಸಿಕೊಳ್ಳುವ ಚಾಳಿ ಈ ಮನುಷ್ಯನಿಗೆ ಎಂಬರ್ಥದಲ್ಲಿ ವಿರೋಧ ಪಕ್ಷದ ಸಂಸದೆಯೊಬ್ಬರು ಟ್ವೀಟ್ ಮಾಡಿ, ಆಮೇಲೆ ಉಗಿಸಿಕೊಂಡು ಕ್ಷಮೆ ಕೇಳಿದರು. ಅಬೆ ರಾಜಕೀಯ ನನಗೂ ಇಷ್ಟವಿಲ್ಲ, ಅದು ಬೇರೆ ಮಾತು. ಆದರೆ ಇದರಲ್ಲಿ ಗೆದ್ದದ್ದು ಎಲ್ಲಿ, ಸೋತದ್ದು ಎಲ್ಲಿ? ಕಾಯಿಲೆ ಜೊತೆಗೇ ಇತ್ತು, ಅಷ್ಟೇ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಫುಟ್‌ಬಾಲ್ ಆಟಗಾರರಾಗಿದ್ದ ಡ್ಯಾರೆನ್ ಫ್ಲೆಚರ್ ಬಗ್ಗೆ ಬರೆದಾಗಲೂ ‘ಮೈದಾನಕ್ಕೆ ಮರಳಿದ ವೀರ’ ಎಂದು ಮುಗಿಸಿಬಿಟ್ಟಿರಿ. ಮೊದಲು ಹೊರಗೆ ಬಂದ ಸುದ್ದಿ ಏನೋ ವೈರಸ್ ಅಂತ. 2011ರ ಡಿಸೆಂಬರ್‌ನಲ್ಲಷ್ಟೇ ಕಾಯಿಲೆಯ ನಿಜವಾದ ಹೆಸರು ಜನರಿಗೆ ಗೊತ್ತಾದದ್ದು. ಆಮೇಲೆ ಶಸ್ತ್ರಚಿಕಿತ್ಸೆ, 2013ರ ಕೊನೆಗೆ ಮತ್ತೆ ಆಟ. ಇಂಗ್ಲೆಂಡ್ ರಗ್ಬಿ ತಂಡದ ಲೂಯಿಸ್ ಮೂಡಿ ಕೂಡ ಜೊತೆ ಆಟಗಾರರಿಗೆ ಹೇಳದೆ ಮುಚ್ಚಿಟ್ಟುಕೊಂಡಿದ್ದವರೇ. ಎದುರಿಗೆ ನೂರು ಕೆಜಿ ಆಸಾಮಿ ಓಡಿ ಬಂದರೂ ಹೆದರದವರು, ಟಾಯ್ಲೆಟ್ಟಿಗೆ ಅರ್ಜೆಂಟಾಗುತ್ತೆ ಅಂತ ಹೇಳಲು ಹೆದರಿದರು. ನನಗೆ ಓದಬೇಕಿದ್ದದ್ದು ಈ ಭಾಗ.

ಯಾಕೆಂದರೆ ನನ್ನ ದಿನ ಇರುವುದು ಅಲ್ಲೇ. ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟರೆ ಹಿಂದಿನ ಮಧ್ಯಾಹ್ನದಿಂದ ನಾನು ಸರಿಯಾಗಿ ಉಣ್ಣುವುದಿಲ್ಲ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟೇ ಬೇಕು, ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ. ಕಡೂರು, ಅರಸೀಕೆರೆ, ತಿಪಟೂರಿನಲ್ಲಿ ಯಾವ ಹೋಟೆಲಿನ ಹಿಂದೆ ಟಾಯ್ಲೆಟ್ ಇದೆ, ಯಾವುದಕ್ಕೆ ಚಿಲಕ ಇಲ್ಲ, ಎಲ್ಲಾ ಬಾಯಿಪಾಠ. ಒಮ್ಮೆ ತಡೆಯಲಾಗದೆ ಕಂಡಕ್ಟರ್ ಹತ್ತಿರ ಹೋಗಿ ಬಸ್ ನಿಲ್ಲಿಸಿ ಅಂದೆ. ‘ಹತ್ತೋ ಮುಂಚೆ ಹೋಗಿ ಬರೋಕಾಗಲ್ವಾ?’ ಅಂದರು, ಇಡೀ ಬಸ್ಸಿಗೆ ಕೇಳುವ ಹಾಗೆ. ಹೋಗಿಯೇ ಬಂದಿದ್ದೆ, ಮೂರು ಸಲ. ಅವರಿಗಾದರೂ ಹೇಗೆ ಗೊತ್ತಾಗಬೇಕು ಹೇಳಿ. ಮದುವೆ ಮನೆಗಳಲ್ಲಿ ಬರೀ ಅನ್ನ ಮಜ್ಜಿಗೆ ಉಂಡು ಎದ್ದರೆ ‘ಏನಮ್ಮಾ, ಡಯೆಟ್ಟಾ?’ ಅನ್ನುತ್ತಾರೆ. ಹ್ಞೂಂ ಅಂದುಬಿಡುತ್ತೇನೆ, ಸುಮ್ನೆ ಯಾಕೆ.

ದೊಡ್ಡವರು ಬಾಯಿಬಿಟ್ಟರೆ ಏನು ಉಪಯೋಗ ಅಂತ ಕೇಳಿದರೆ, ನಮ್ಮ ಅಪ್ಪನ ಕತೆ ಹೇಳಬೇಕು. ಅವರು ನೆಂಟರಿಗೆಲ್ಲ ‘ಅವಳಿಗೆ ಸ್ವಲ್ಪ ಗ್ಯಾಸ್ಟ್ರಿಕ್’ ಅಂತಲೇ ಹೇಳಿಕೊಂಡು ಬಂದಿದ್ದರು. ಕಾಯಿಲೆಯ ಹೆಸರು ಅವರ ಬಾಯಲ್ಲಿ ತಿರುಗುತ್ತಿರಲಿಲ್ಲ, ತಿರುಗಿಸುವ ಮನಸ್ಸೂ ಇರಲಿಲ್ಲ. ಅಬೆ ರಾಜೀನಾಮೆಯ ಸುದ್ದಿ ಬಂದ ಬೆಳಿಗ್ಗೆ ಪೇಪರ್ ಹಿಡಿದುಕೊಂಡು ಅಡುಗೆಮನೆಗೇ ಬಂದರು. ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿ, ‘ಲೇ, ಇವರಿಗೂ ನಿಂದೇ ಅಂತಲ್ಲೇ!’ ಅಂದರು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಹೆಸರು ನಮ್ಮ ಮನೆಯಲ್ಲಿ ಜೋರಾಗಿ ಕೇಳಿದ್ದು. ಆಮೇಲೆ ಯಾರು ಕೇಳಿದರೂ ‘ಜಪಾನ್ ಪ್ರಧಾನಿಗೆ ಇತ್ತಲ್ಲ, ಅದು’ ಅನ್ನುತ್ತಾರೆ, ಒಂಚೂರು ಗತ್ತಿನಲ್ಲೇ.

ನಮ್ಮ ಕನ್ನಡದ ನಟರೋ ಆಟಗಾರರೋ ಈ ಕಾಯಿಲೆಯ ಬಗ್ಗೆ ಮಾತಾಡಿದ್ದು ನಾನಂತೂ ಓದಿಲ್ಲ. ಯಾರಾದರೂ ಮಾತಾಡಿದರೆ ದಯವಿಟ್ಟು ‘ಅನಾರೋಗ್ಯ’ ಅಂತ ಬರೆದು ಮುಗಿಸಬೇಡಿ. ಹೆಸರು ಬರೆಯಿರಿ, ಶೂಟಿಂಗ್ ಮಧ್ಯೆ ಏನು ಮಾಡುತ್ತಾರೆ ಅಂತ ಕೇಳಿ. ‘ಗೆದ್ದರು’ ಮಾತ್ರ ಬೇಡ.

ಈ ಪತ್ರಕ್ಕೆ ನನ್ನ ಹೆಸರು ಹಾಕಿಯೇ ಕಳಿಸಬೇಕೆಂದಿದ್ದೆ. ತಂಗಿಗೆ ಗಂಡು ನೋಡುತ್ತಿದ್ದಾರೆ, ಅಮ್ಮ ಬೇಡ ಅಂದರು. ಸದ್ಯಕ್ಕೆ ಊರಿನ ಹೆಸರಷ್ಟೇ ಹಾಕಿಕೊಳ್ಳಿ.

ಒಬ್ಬ ಓದುಗಳು, ಶಿವಮೊಗ್ಗ